ಒದ್ದೆ ಅಂಗಿಯ ಲೆಕ್ಕ

ಬಚ್ಚಲಲ್ಲಿ ಕೂತ ಎರಡು ವರ್ಷದ ಮಗುವಿನ ಕೈಗೆ ಒಂದು ಸ್ಟೀಲ್ ಲೋಟ ಸಿಕ್ಕರೆ ಮುಂದಿನ ಇಪ್ಪತ್ತು ನಿಮಿಷ ಏನಾಗುತ್ತದೆಂಬುದು ಮಕ್ಕಳಿರುವ ಎಲ್ಲ ಮನೆಗಳಿಗೂ ಗೊತ್ತು. ಮೊಗೆಯುವುದು, ಸುರಿಯುವುದು, ಮತ್ತೆ ಮೊಗೆಯುವುದು, ಈ ಸಲ ಇನ್ನಷ್ಟು ಮೇಲಿನಿಂದ ಸುರಿಯುವುದು, ಮುಖಕ್ಕೆ ಸಿಡಿದ ಹನಿಗೆ ಕಣ್ಣು ಮುಚ್ಚಿ ನಗುವುದು. ಅಡುಗೆಮನೆಯಲ್ಲಾದರೆ ನೀರಿನ ಜಾಗದಲ್ಲಿ ಚಪಾತಿ ಹಿಟ್ಟಿನ ಉಂಡೆ, ಅಂಗಳವಿದ್ದರೆ ಕೆಸರು. ಆಟ ಮುಗಿಯುವುದು ಮಾತ್ರ ಎಲ್ಲ ಕಡೆಯೂ ಒಂದೇ ಕೂಗಿನಿಂದ: "ಸಾಕು ಬಾ, ಶೀತ ಆಗುತ್ತೆ." ಈ ಕೂಗಿಗೆ ಎದುರಾಗಿ ಈಚಿನ ವರ್ಷಗಳಲ್ಲಿ ಇನ್ನೊಂದು ದನಿ ಎದ್ದಿದೆ. 'ಸೆನ್ಸರಿ ಪ್ಲೇ' ಎಂಬ ಹೆಸರಿನಲ್ಲಿ ಬಣ್ಣ ಹಚ್ಚಿದ ಅಕ್ಕಿ, ಕೈಗೆ ಅಂಟದ ಮರಳು, ಖಾನೆ ಖಾನೆಯ ಟ್ರೇಗಳು ಪೆಟ್ಟಿಗೆಯಲ್ಲಿ ಮನೆಬಾಗಿಲಿಗೆ ಬರುತ್ತವೆ. ಮಗುವಿನ ಮೆದುಳು ಚುರುಕಾಗುತ್ತದೆಂಬ ಭರವಸೆ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತದೆ. ಒಬ್ಬರು ಬೇಡವೆನ್ನುತ್ತಾರೆ, ಇನ್ನೊಬ್ಬರು ಕೊಳ್ಳಿ ಎನ್ನುತ್ತಾರೆ. ಇಬ್ಬರ ನಡುವೆ ಸಿಕ್ಕಿಕೊಂಡ ತಂದೆತಾಯಿಗೆ ನೆಲೆಯಾದ ಉತ್ತರ ಸಿಗುವುದಿಲ್ಲ. ಲಭ್ಯವಿರುವ ಪುರಾವೆಯನ್ನು ಸಮಾಧಾನದಿಂದ ನೋಡಿದರೆ ಎರಡು ಸಂಗತಿ ಕಾಣುತ್ತವೆ. ನೀರು, ಮಣ್ಣು, ಹಿಟ್ಟಿನ ಆಟದ ಲಾಭ ಜಾಹೀರಾತು ಹೇಳುವಷ್ಟು ದೊಡ್ಡದಲ್ಲ, ಹಿರಿಯರು ಅಂದುಕೊಂಡಷ್ಟು ಸಣ್ಣದೂ ಅಲ್ಲ. ಅದರ ವಿರುದ್ಧ ಇರುವ ಆಕ್ಷೇಪಗಳಲ್ಲಿ ಎಲ್ಲಕ್ಕಿಂತ ಭಾರವಾದದ್ದು ಯಾರೂ ಬಾಯಿಬಿಟ್ಟು ಹೇಳದ ಒಂದು: ಆಮೇಲೆ ಒರೆಸುವವರು ಯಾರು?

ಮೂವತ್ತು ನಲವತ್ತು ವರ್ಷಗಳ ಹಿಂದೆ ಈ ಪ್ರಶ್ನೆ ಹೀಗೆ ಎದ್ದಿರಲಿಲ್ಲ. ಮಗುವಿಗೆ ನೀರು, ಮಣ್ಣು ಒದಗಿಸುವುದು ಆಗ ಯಾರ ಕೆಲಸವೂ ಆಗಿರಲಿಲ್ಲ. ಅಂಗಳವಿತ್ತು, ಹಿತ್ತಲಿತ್ತು, ಬಟ್ಟೆ ಒಗೆಯುವ ಕಲ್ಲಿನ ಸುತ್ತ ಸದಾ ಒದ್ದೆ ನೆಲವಿತ್ತು. ಮನೆ ಕಟ್ಟುವವರು ರಸ್ತೆಬದಿಗೆ ಸುರಿಸಿದ ಮರಳಿನಲ್ಲಿ ಪಾದ ಹೂತು, ಮೇಲೆ ತಟ್ಟಿ, ಮೆಲ್ಲಗೆ ಕಾಲು ಹೊರಗೆಳೆದು ಗುಬ್ಬಿಗೂಡು ಮಾಡುವುದನ್ನು ಒಂದು ಮಗು ಇನ್ನೊಂದರಿಂದ ಕಲಿಯುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಮಣ್ಣು ಮನೆಯೊಳಗೇ ಬರುತ್ತಿತ್ತು. ಎತ್ತಿನ ಕೋಡು ತಿದ್ದುವ ಹಿರಿಯರ ಪಕ್ಕದಲ್ಲಿ ಚಿಕ್ಕವರಿಗೂ ಒಂದು ಮುದ್ದೆ ಸಿಗುತ್ತಿತ್ತು. ಇಂದು ಅದೇ ವಯಸ್ಸಿನ ಮಗು ಮೂರನೇ ಮಹಡಿಯಲ್ಲಿ, ಬಿದ್ದರೆ ಜಾರುವ ಟೈಲ್ಸ್ ಮೇಲೆ, ಬಾಗಿಲು ಹಾಕಿದ ಬಾತ್‌ರೂಮಿನ ಹೊರಗೆ ಬೆಳೆಯುತ್ತಿದೆ. ಹಾಗೆಂದು ಹಿಂದಿನದೆಲ್ಲ ಬಂಗಾರವೆಂದು ಕೊರಗಬೇಕಿಲ್ಲ. ಅದೇ ಅಂಗಳದಲ್ಲಿ ಕಟ್ಟೆಯಿಲ್ಲದ ಬಾವಿಯಿತ್ತು, ಅದೇ ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆಗಳಿದ್ದವು. ಮಕ್ಕಳನ್ನು ಕೆಸರಿಗೆ ಬಿಟ್ಟದ್ದು ಯಾವ ಶಿಕ್ಷಣತತ್ವದಿಂದಲೂ ಅಲ್ಲ, ನೋಡಿಕೊಳ್ಳಲು ಯಾರಿಗೂ ಬಿಡುವಿರಲಿಲ್ಲವೆಂದು. ಅಂಗಳ ತಾನಾಗಿ ಕೊಡುತ್ತಿದ್ದುದನ್ನು ಈಗ ಯೋಚಿಸಿ ಕೊಡಬೇಕಾಗಿದೆ. ಯೋಚಿಸಿ ಕೊಡುವುದರಲ್ಲಿ ಒಂದು ಅನುಕೂಲವೂ ಉಂಟು: ಅಂಗಳದ ಅಪಾಯವನ್ನು ಹೊರಗಿಟ್ಟು ಆಟವನ್ನಷ್ಟೇ ಒಳಗೆ ತರಬಹುದು.

ಬೇಕೆಂದೇ ಮಕ್ಕಳಿಗೆ ಮರಳು, ನೀರು ಕೊಡಬೇಕೆಂಬ ಯೋಚನೆ ಪಶ್ಚಿಮದಲ್ಲಿ ಬಲವಾದದ್ದೂ ಇಂಥದೇ ಇಕ್ಕಟ್ಟಿನಲ್ಲಿ, ಕಾರ್ಖಾನೆಗಳ ನಗರಗಳಲ್ಲಿ. 1885ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಬಡವರ ಮಕ್ಕಳ ಆಟಕ್ಕೆಂದು ಮರಳಿನ ರಾಶಿ ಹಾಕಿಸಿದರು. ಅಲ್ಲಿನ ಸಾರ್ವಜನಿಕ ಆಟದ ಮೈದಾನಗಳ ಚರಿತ್ರೆ ಆ ರಾಶಿಯಿಂದ ಶುರುವಾಗುತ್ತದೆ. 1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ಮರಿಯಾ ಮಾಂಟೆಸ್ಸರಿ ತೆರೆದ ಮಕ್ಕಳ ಮನೆಯ ಪದ್ಧತಿಯಲ್ಲಿ ಹೂಜಿಯಿಂದ ಹೂಜಿಗೆ ನೀರು ಸುರಿಯುವುದು, ಮೇಜು ತೊಳೆಯುವುದು, ಚೆಲ್ಲಿದ್ದನ್ನು ಸ್ಪಂಜಿನಿಂದ ಹೀರಿ ತೆಗೆಯುವುದು ಪಾಠಗಳೇ ಆದವು. ಒಡೆಯುವ ಗಾಜು, ಪಿಂಗಾಣಿ ಪಾತ್ರೆಗಳನ್ನೇ ಆಕೆ ಕೊಟ್ಟದ್ದು ಎಚ್ಚರ ಕಲಿಸಲಿಕ್ಕೆ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮಾಂಟೆಸ್ಸರಿ ಯುದ್ಧಕಾಲವನ್ನೆಲ್ಲ ಭಾರತದಲ್ಲೇ ಕಳೆದು ಇಲ್ಲಿನ ಶಿಕ್ಷಕರನ್ನು ತರಬೇತು ಮಾಡಿದರು. ಅದಕ್ಕೂ ಮುಂಚೆ, 1920ರಲ್ಲೇ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ತೆರೆದಿದ್ದರು. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಆ ಯೋಚನೆಯನ್ನು ಬಡವರ, ಆದಿವಾಸಿಗಳ ಮಕ್ಕಳ ಬಳಿಗೇ ಒಯ್ದರು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಆ ಯೋಜನೆಯ ಕೇಂದ್ರಗಳಿಗಿಟ್ಟ ಅಂಗನವಾಡಿ ಎಂಬ ಹೆಸರಿನಲ್ಲೇ ಅಂಗಳವಿದೆ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟವನ್ನೇ ಕಲಿಕೆಯ ಮುಖ್ಯ ದಾರಿಯೆಂದಿತು. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ 2024ರಲ್ಲಿ ಬಂದ 'ನವಚೇತನ' ಚೌಕಟ್ಟು ಮನೆಯನ್ನೇ ಮೊದಲ ಶಾಲೆಯಾಗಿ ಕಂಡಿತು. ಅಂದರೆ ಕೈ ಕೊಳೆ ಮಾಡಿಕೊಳ್ಳುವ ಆಟ ನಿನ್ನೆ ಮೊನ್ನೆಯ ಶೋಕಿಯಲ್ಲ. ಅದರ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಚಿಂತನೆಯಿದೆ.

ಚಿಂತನೆ ಹಳೆಯದಾದ ಮಾತ್ರಕ್ಕೆ ನಿಜವಾಗುವುದಿಲ್ಲ. ಆದ್ದರಿಂದ ಆಟವನ್ನೇ ಹತ್ತಿರದಿಂದ ನೋಡಬೇಕು. ಒಂದು ಬೋಗುಣಿಯಲ್ಲಿ ಮೂರು ಲೀಟರ್ ನೀರು, ಪಕ್ಕದಲ್ಲಿ ಅಗಲ ಬಾಯಿಯ ಬಟ್ಟಲು, ಉದ್ದನೆಯ ಲೋಟ, ಒಂದು ಟೀ ಸೋಸುವ ಜಾಲರಿ. ಮಗು ಮೊದಲು ಲೋಟವನ್ನು ಪೂರ್ತಿ ಮುಳುಗಿಸುತ್ತದೆ. ಗುಳುಗುಳು ಎಂದು ಗುಳ್ಳೆ ಬಂದಾಗ ಕೈ ತಡೆಯುತ್ತದೆ. ಎತ್ತಿದಾಗ ಲೋಟ ಹಠಾತ್ತನೆ ಭಾರವಾಗುತ್ತದೆ, ಮಣಿಕಟ್ಟು ವಾಲುತ್ತದೆ, ಅರ್ಧ ಚೆಲ್ಲುತ್ತದೆ. ಮೂರನೆಯ ಸಲ ಇನ್ನೊಂದು ಕೈ ತಳಕ್ಕೆ ಆಸರೆಯಾಗಿ ಬರುತ್ತದೆ. ಲೋಟದ ನೀರು ಬಟ್ಟಲಿನಲ್ಲಿ ತಳಕ್ಕಿಳಿದು ಕಡಿಮೆಯಾದಂತೆ ಕಾಣುತ್ತದೆ. ಬಟ್ಟಲಿನದನ್ನು ಲೋಟಕ್ಕೆ ಹಾಕಿದರೆ ಹೆಚ್ಚಾದಂತೆ. ಜಾಲರಿಯಲ್ಲಿ ಎಷ್ಟು ಹಾಕಿದರೂ ನಿಲ್ಲುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಹಾಕುತ್ತದೆ. ದೊಡ್ಡವರ ಕಣ್ಣಿಗೆ ಇದು ಒಂದೇ ಕೆಲಸದ ಪುನರಾವರ್ತನೆ. ಆದರೆ ಪ್ರತಿ ಸಲವೂ ಏನೋ ಒಂದು ಬದಲಾಗಿರುತ್ತದೆ: ಎತ್ತರ, ವೇಗ, ಪಾತ್ರೆ, ಕೈ. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಟ್ಟು ನೋಡುವುದಕ್ಕೆ ದೊಡ್ಡವರು ಪ್ರಯೋಗ ಎನ್ನುತ್ತಾರೆ. ಚೆಲ್ಲಿದ ನೀರು ಈ ಪ್ರಯೋಗದ ತಪ್ಪಲ್ಲ, ಫಲಿತಾಂಶ. ಲೋಟ ಎಷ್ಟು ಹಿಡಿಯುತ್ತದೆಂದು ತಿಳಿಯಲು ಅದು ತುಂಬಿ ಹರಿಯಲೇಬೇಕು.

ಈ ಕುತೂಹಲಕ್ಕೆ ಬೇರು ಇನ್ನೂ ಕೆಳಗಿದೆ. ಅಮೆರಿಕದ ಸೂಸನ್ ಹೆಸ್ಪೋಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐದು ತಿಂಗಳ ಕೂಸುಗಳಿಗೆ ನೀಲಿ ನೀರಿನ ಲೋಟವನ್ನೋ, ನೋಡಲು ಹಾಗೆಯೇ ಇರುವ ಗಟ್ಟಿ ವಸ್ತುವಿನ ಲೋಟವನ್ನೋ ಓರೆ ಮಾಡಿ ತೋರಿಸಿದರು. ಆಮೇಲೆ ಎಣಿಸಿದ್ದಕ್ಕೆ ವಿರುದ್ಧವಾಗಿ ವಸ್ತು ವರ್ತಿಸಿದಾಗ ಕೂಸುಗಳು ಹೆಚ್ಚು ಹೊತ್ತು ದಿಟ್ಟಿಸಿದವು. ಕುಳಿತುಕೊಳ್ಳಲೂ ಬಾರದ ವಯಸ್ಸಿನಲ್ಲಿ ದ್ರವ ಬೇರೆ, ಗಟ್ಟಿ ಬೇರೆ ಎಂಬ ನಿರೀಕ್ಷೆ ಹುಟ್ಟಿರುತ್ತದೆ. ಅದೂ ಕೆಲವೇ ಕ್ಷಣ ನೋಡಿದ ಚಲನೆಯ ಆಧಾರದ ಮೇಲೆ. ಇನ್ನೊಂದು ತುದಿಯಲ್ಲಿ, ಅಗಲ ಲೋಟದ ನೀರನ್ನು ಉದ್ದ ಲೋಟಕ್ಕೆ ಸುರಿದರೂ ಪ್ರಮಾಣ ಅಷ್ಟೇ ಎಂಬುದು ಬಹುಪಾಲು ಮಕ್ಕಳಿಗೆ ಆರೇಳು ವರ್ಷದವರೆಗೆ ನಿಚ್ಚಳವಾಗುವುದಿಲ್ಲವೆಂದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತೋರಿಸಿದ್ದರು. ಐದು ತಿಂಗಳಿಗೂ ಆರೇಳು ವರ್ಷಕ್ಕೂ ನಡುವಿನ ಈ ದೀರ್ಘ ದಾರಿಯಲ್ಲಿ ಕೈಯ ಪಾತ್ರವೆಷ್ಟು? 1969ರಲ್ಲಿ ಪ್ರೈಸ್-ವಿಲಿಯಮ್ಸ್ ತಂಡ ಮೆಕ್ಸಿಕೊದ ಕುಂಬಾರ ಮನೆತನಗಳ ಮಕ್ಕಳನ್ನು ಬೇರೆ ಕಸುಬಿನವರ ಮಕ್ಕಳೊಂದಿಗೆ ಹೋಲಿಸಿ ನೋಡಿತು. ಉಂಡೆಯನ್ನು ಲಟ್ಟಿಸಿ ಉದ್ದ ಮಾಡಿದರೆ ಮಣ್ಣು ಹೆಚ್ಚಾಯಿತೇ ಎಂಬ ಪ್ರಶ್ನೆಗೆ ಕುಂಬಾರರ ಮಕ್ಕಳು ಹೆಚ್ಚು ಸರಿಯಾಗಿ ಉತ್ತರಿಸಿದರು. ಮನೆತನಗಳ ನಡುವೆ ಬೇರೆ ವ್ಯತ್ಯಾಸಗಳೂ ಇರಬಹುದಾದ್ದರಿಂದ ಇದೊಂದರಿಂದಲೇ ತೀರ್ಪು ಹೇಳಲಾಗದು. ಆದರೂ ದಿನವೂ ಮಣ್ಣು ಮಿದಿಯುವ ಕೈಗೆ ಮಣ್ಣಿನ ಗುಣ ಗೊತ್ತಿರುತ್ತದೆಂಬ ಊರಿನ ತಿಳಿವಳಿಕೆಗೆ ಅದು ಬಲ ಕೊಡುತ್ತದೆ. ಗುಂಡಿ ಒತ್ತಿದರೆ ಹಾಡುವ ಪ್ಲಾಸ್ಟಿಕ್ ಆಟಿಕೆ ಹತ್ತನೆಯ ಸಲವೂ ಅದನ್ನೇ ಹಾಡುತ್ತದೆ. ನೀರು ಹಾಗಲ್ಲ, ಕೈ ಮಾಡಿದ್ದಕ್ಕೆ ತಕ್ಕ ಉತ್ತರ ಕೊಡುತ್ತದೆ.

ಕೈಯಿಂದ ಮಾತಿಗೆ ಹೋಗುವ ದಾರಿಯೂ ಒಂದಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಹದಿನಾರು ತಿಂಗಳ ಮಕ್ಕಳ ಮುಂದೆ ಹದಿನಾಲ್ಕು ಬಗೆಯ ಗಟ್ಟಿಯಲ್ಲದ ಪದಾರ್ಥಗಳನ್ನು, ಹೆಚ್ಚಾಗಿ ಸೇಬಿನ ಗೊಜ್ಜು, ಸೂಪು, ಹಣ್ಣಿನ ರಸದಂಥವನ್ನು ಇಟ್ಟು, ಪ್ರತಿಯೊಂದಕ್ಕೂ ಒಂದು ಹುಸಿ ಹೆಸರು ಕೊಟ್ಟರು. ನಂತರ ಅದೇ ಪದಾರ್ಥವನ್ನು ಬೇರೆ ಆಕಾರದಲ್ಲಿ ತೋರಿಸಿ ಹೆಸರು ಹಿಡಿದು ಕೇಳಿದಾಗ, ಅದನ್ನು ಹೆಚ್ಚು ಕಲಸಿ, ಎಸೆದು, ಬಾಯಿಗಿಟ್ಟು ನೋಡಿದ್ದ ಮಕ್ಕಳೇ ಚೆನ್ನಾಗಿ ಗುರುತಿಸಿದರು. ಊಟದ ಎತ್ತರದ ಕುರ್ಚಿಯಲ್ಲಿ ಕೂತವರು ಇನ್ನೂ ಚೆನ್ನಾಗಿ. 2014ರ ಸುಮಾರಿಗೆ ಪ್ರಕಟವಾದ ಈ ಅಧ್ಯಯನ ಸಣ್ಣದು. ಆದರೆ ಅದು ಮುಟ್ಟಿದ ವಿಷಯ ಕನ್ನಡಕ್ಕೆ ಬಹಳ ಹತ್ತಿರದ್ದು. ಗಟ್ಟಿ ವಸ್ತುವಿನ ಹೆಸರನ್ನು ಆಕಾರ ನೋಡಿ ಕಲಿಯಬಹುದು. ಅಂಬಲಿಗೂ ಗಂಜಿಗೂ ಆಕಾರವಿಲ್ಲ, ಮುಟ್ಟಿಯೇ ತಿಳಿಯಬೇಕು. ಮುಟ್ಟಿ ತಿಳಿದದ್ದನ್ನು ಹೇಳಲು ನಮ್ಮ ಭಾಷೆಯಲ್ಲಿ ಎಷ್ಟು ಮಾತುಗಳಿವೆ ನೋಡಿ: ನುಣ್ಣಗೆ, ತರಿತರಿ, ಜಿಗುಟು, ಲೋಳೆ, ಮೆತ್ತಗೆ, ಉದುರುದುರು, ಗರಿಗರಿ, ಉಗುರುಬೆಚ್ಚಗೆ. ನೀರಿನ ಸದ್ದಿಗೇ ಜುಳುಜುಳು, ಗುಳುಗುಳು, ತೊಟತೊಟ, ದಬದಬ ಎಂದು ಬೇರೆ ಬೇರೆ ಅನುಕರಣ ಶಬ್ದಗಳಿವೆ. ಚಿತ್ರದ ಪುಸ್ತಕದಲ್ಲಿ ಆನೆ, ಸೇಬು, ಬಸ್ಸು ಸಿಗುತ್ತವೆ. ಜಿಗುಟು ಎಂಬುದಕ್ಕೆ ಚಿತ್ರವಿಲ್ಲ. ನೆನೆದ ಮೆಂತ್ಯವನ್ನೋ ಬೆಂಡೆಕಾಯಿಯ ಲೋಳೆಯನ್ನೋ ಬೆರಳುಗಳ ನಡುವೆ ಎಳೆದು ನೋಡುವ ಹೊತ್ತಿನಲ್ಲಿ ಪಕ್ಕದಲ್ಲಿ ಕೂತವರು ಆ ಪದವನ್ನು ಆಡಿದರೆ, ಪದ ಅಲ್ಲೇ ಅಂಟಿಕೊಳ್ಳುತ್ತದೆ.

ಊಟದ ವಿಷಯದಲ್ಲಿ ಪುರಾವೆ ಇನ್ನಷ್ಟು ನೇರವಾಗಿದೆ. ಹೊಸ ತಿಂಡಿ ಕಂಡರೆ ಮುಖ ತಿರುಗಿಸುವುದು ಎರಡರಿಂದ ಆರು ವರ್ಷದವರೆಗೆ ಸಾಮಾನ್ಯ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದ ಹೆಲೆನ್ ಕೋಲ್ಟ್‌ಹಾರ್ಡ್ ಮತ್ತು ಸಹೋದ್ಯೋಗಿಗಳು ಕೈ ಕೊಳೆಯಾಗುವ ಆಟವನ್ನು ಇಷ್ಟಪಡುವ ಮಕ್ಕಳಲ್ಲಿ ಹೊಸ ಆಹಾರದ ಹೆದರಿಕೆ ಕಡಿಮೆ ಇರುವುದನ್ನು ಮೊದಲು ಗಮನಿಸಿದರು. 2017ರಲ್ಲಿ ಮೂರು, ನಾಲ್ಕು ವರ್ಷದ 62 ಮಕ್ಕಳನ್ನು ಗುಂಪು ಮಾಡಿ ಪರೀಕ್ಷಿಸಿದಾಗ, ನಿಜವಾದ ಹಣ್ಣು ತರಕಾರಿಗಳನ್ನು ಕೈಯಾಡಿಸಿ ಚಿತ್ರ ಮಾಡಿದ ಮಕ್ಕಳು, ಅವನ್ನು ಬರೀ ನೋಡಿದವರಿಗಿಂತಲೂ ತಿನ್ನಲಾಗದ ವಸ್ತುಗಳೊಂದಿಗೆ ಆಡಿದವರಿಗಿಂತಲೂ ಹೆಚ್ಚು ಬಗೆಯನ್ನು ರುಚಿ ನೋಡಿದರು. ಕೈಯಲ್ಲಿ ಕಲಸಿ ಉಣ್ಣುವ ನಾಡಿಗೆ ಇದು ತಿಳಿಯದ ಸಂಗತಿಯೇನಲ್ಲ. ಅನ್ನ ಸಾರು ಕಲಸುವಾಗ ಬೆರಳಿಗೆ ಬಿಸಿ ತಿಳಿಯುತ್ತದೆ, ಮುದ್ದೆ ಮುರಿಯುವಾಗ ಹದ ತಿಳಿಯುತ್ತದೆ, ನಾಲಿಗೆಗೆ ಸುದ್ದಿ ಮುಟ್ಟುವ ಮೊದಲೇ ಕೈಗೆ ಮುಟ್ಟಿರುತ್ತದೆ. ಸೋಜಿಗವೆಂದರೆ ಮಗು ನೆಲ ಕೊಳೆ ಮಾಡುತ್ತದೆಂದು ಮೂರು ನಾಲ್ಕು ವರ್ಷದವರೆಗೂ ತುತ್ತು ಮಾಡಿ ಬಾಯಿಗಿಡುವ, ಅದೂ ಮೊಬೈಲ್ ತೋರಿಸುತ್ತ ಇಡುವ ರೂಢಿ ಇದೇ ನಾಡಿನ ಪಟ್ಟಣಗಳಲ್ಲಿ ಬೆಳೆದಿದೆ. ತಟ್ಟೆಯ ಸುತ್ತ ಚೆಲ್ಲಿದ ಅನ್ನವನ್ನು ಉಳಿಸಲು ಹೋಗಿ ಕೈಯ ಕಲಿಕೆಯನ್ನು ಚೆಲ್ಲುತ್ತಿದ್ದೇವೆ.

ಇಷ್ಟು ಹೇಳಿದ ಮೇಲೆ ಪುರಾವೆಯ ಮಿತಿಯನ್ನೂ ಹೇಳಬೇಕು. ಮೇಲಿನ ಅಧ್ಯಯನಗಳೆಲ್ಲ ಸಣ್ಣವು, ಹೆಚ್ಚಿನವು ಅಲ್ಪಕಾಲದವು. ಹಣ್ಣು ರುಚಿ ನೋಡಿದ ಮಗು ಆರು ತಿಂಗಳ ನಂತರವೂ ತಿನ್ನುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಆಟದ ಬಗ್ಗೆ ಒಟ್ಟಾರೆ ಹೇಳುವ ದೊಡ್ಡ ಮಾತುಗಳನ್ನು ಮನೋವಿಜ್ಞಾನಿ ಆಂಜೆಲಿನ್ ಲಿಲಾರ್ಡ್ ಮತ್ತು ಸಂಗಡಿಗರು 2013ರಲ್ಲಿ ಒರೆಗೆ ಹಚ್ಚಿದರು. ಅಂಗಡಿ ಆಟ, ಅಡುಗೆ ಆಟದಂಥ ಕಲ್ಪನೆಯ ಆಟವೇ ಬುದ್ಧಿ ಬೆಳೆಸುತ್ತದೆಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲವೆಂದೂ, ಅನೇಕ ಅಧ್ಯಯನಗಳು ಆಟದ ಫಲವನ್ನೂ ಜೊತೆಗಿದ್ದ ದೊಡ್ಡವರ ಫಲವನ್ನೂ ಬೇರ್ಪಡಿಸಿಲ್ಲವೆಂದೂ ಅವರು ಹೇಳಿದರು. 'ಸೆನ್ಸರಿ' ಎಂಬ ಪದಕ್ಕಿರುವ ಗತ್ತು ಬಂದದ್ದು ಅಮೆರಿಕದ ಚಿಕಿತ್ಸಕಿ ಜೀನ್ ಏಯರ್ಸ್ 1970ರ ದಶಕದಲ್ಲಿ ರೂಪಿಸಿದ ಚಿಕಿತ್ಸಾ ಸಿದ್ಧಾಂತದಿಂದ; ಆ ಚಿಕಿತ್ಸೆಯ ಪರಿಣಾಮದ ಬಗ್ಗೆ ದೊರೆತ ಸಂಶೋಧನೆ ಸೀಮಿತವೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2012ರಲ್ಲಿ ಹೇಳಿತ್ತು. ಹಾಗಿರುವಾಗ ಒಂದು ಟ್ರೇ ಬಣ್ಣದ ಅಕ್ಕಿ ಮೆದುಳನ್ನು ಹಿಗ್ಗಿಸುತ್ತದೆಂದು ಬರೆದು ಮಾರುವುದು ಉತ್ಪ್ರೇಕ್ಷೆ. ಬಣ್ಣದ ಅಕ್ಕಿ ಮಾಡುವ ಯಾವ ಕೆಲಸವನ್ನೂ ಬೋಗುಣಿ ನೀರು ಮಾಡದೆ ಬಿಡುವುದಿಲ್ಲ.

ಹಾಗಾದರೆ ಲಾಭ ಎಲ್ಲಿಂದ? ಈ ಪ್ರಶ್ನೆಗೆ ಅತ್ಯಂತ ದೀರ್ಘಕಾಲದ ಉತ್ತರ ಜಮೈಕಾದಿಂದ ಬಂದಿದೆ. 1980ರ ದಶಕದಲ್ಲಿ ಕಿಂಗ್‌ಸ್ಟನ್ನಿನ ಬಡಾವಣೆಗಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ, ಒಂಬತ್ತರಿಂದ ಇಪ್ಪತ್ನಾಲ್ಕು ತಿಂಗಳ 129 ಮಕ್ಕಳೊಂದಿಗೆ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ತಂಡ ಪ್ರಯೋಗ ನಡೆಸಿತು. ಆಯ್ದ ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರಕ್ಕೊಮ್ಮೆ ಹೋಗಿ, ಖಾಲಿ ಡಬ್ಬಿ, ಬಾಟಲಿ, ಚಿಂದಿಬಟ್ಟೆಗಳಂಥ ಮನೆಯ ಸಾಮಾನಿನಿಂದ ಮಾಡಿದ ಆಟಿಕೆಗಳೊಂದಿಗೆ ತಾಯಿ ಮಗುವಿನೊಡನೆ ಹೇಗೆ ಆಡಬಹುದು, ಏನು ಮಾತಾಡಬಹುದು ಎಂದು ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳು ಬೆಳೆದು ದುಡಿಯುವಾಗ ಅವರ ಸಂಪಾದನೆ ಉಳಿದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಇದೇ ಮಾದರಿಯನ್ನು ಒಡಿಶಾದ ಕಟಕ್ ನಗರದ ಕೊಳೆಗೇರಿಗಳಿಗೂ ಒಗ್ಗಿಸಿ ನೋಡಿದಾಗ ಮಕ್ಕಳ ಬೆಳವಣಿಗೆಯಲ್ಲಿ ಒಳ್ಳೆಯ ಫಲ ಕಂಡಿತು. ಇವು ನೀರಾಟದ ಪ್ರಯೋಗಗಳಲ್ಲ. ಆದರೆ ಈ ಲೇಖನದ ಪ್ರಶ್ನೆಗೆ ಇವೇ ಬೀಗದ ಕೈ. ಆಟಿಕೆಗೆ ಬೆಲೆಯಿರಲಿಲ್ಲ, ಜೊತೆಗೆ ಕೂತ ದೊಡ್ಡವರಿಗಿತ್ತು. ನೀರು, ಹಿಟ್ಟು, ಮಣ್ಣು ಒಳ್ಳೆಯ ಸಾಮಗ್ರಿಗಳಾಗುವುದು ಅವು ಮಗುವನ್ನು ದೀರ್ಘಕಾಲ ಹಿಡಿದಿಡುತ್ತವೆ, ದೊಡ್ಡವರಿಗೆ ಮಾತಾಡಲು ಕಾರಣ ಕೊಡುತ್ತವೆ, ಕಾಸು ಕೇಳುವುದಿಲ್ಲ ಎಂಬ ಮೂರು ಕಾರಣಗಳಿಂದ.

ಇನ್ನು ಆಕ್ಷೇಪಗಳು. ಮೊದಲನೆಯದು ರೋಗಾಣು. ಇದಕ್ಕೆ ಸಿದ್ಧವಾಗಿ ಸಿಗುವ ಮರುಮಾತು, ಕೊಳೆಯಲ್ಲಿ ಆಡಿದರೆ ರೋಗನಿರೋಧಕ ಶಕ್ತಿ ಬೆಳೆಯುತ್ತದೆ ಎಂಬುದು. ಅದರಲ್ಲಿ ಒಂದಿಷ್ಟು ಸತ್ಯವಿದೆ. 2020ರಲ್ಲಿ ಪ್ರಕಟವಾದ ಫಿನ್ಲೆಂಡಿನ ಪ್ರಯೋಗದಲ್ಲಿ ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ನೆಲದ ಹಾಸು, ಹುಲ್ಲು ತಂದು ಹಾಸಿ ಮೂರರಿಂದ ಐದು ವರ್ಷದ ಮಕ್ಕಳನ್ನು 28 ದಿನ ಆಡಲು ಬಿಟ್ಟಾಗ, ಅವರ ಚರ್ಮದ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿ ರಕ್ತದಲ್ಲಿ ನಿರೋಧಕ ವ್ಯವಸ್ಥೆಯ ಹತೋಟಿಗೆ ಅನುಕೂಲವಾದ ಬದಲಾವಣೆಗಳು ಕಂಡವು. ಆದರೆ ಫಿನ್ಲೆಂಡಿನ ಕಾಡಿನ ನೆಲವೂ ನಮ್ಮ ಊರಿನ ಚರಂಡಿ ಬದಿಯ ಮಣ್ಣೂ ಒಂದಲ್ಲ. ಮಲದಿಂದ ಕೆಟ್ಟ ಮಣ್ಣಿನಲ್ಲಿ ಜಂತುಹುಳು ಇರುತ್ತದೆಂಬ ಕಾರಣಕ್ಕೇ ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ವರ್ಷದಲ್ಲಿ ಎರಡು ಸಲ, ಫೆಬ್ರುವರಿ ಮತ್ತು ಆಗಸ್ಟ್ ತಿಂಗಳಲ್ಲಿ, ಅಲ್ಬೆಂಡಜೋಲ್ ಮಾತ್ರೆ ಕೊಡಲಾಗುತ್ತಿದೆ. ಕೊಳೆ ಒಳ್ಳೆಯದೆಂಬ ಸಾರಾಸಗಟು ಮಾತು ಇಲ್ಲಿ ನಡೆಯದು. ಯಾವ ಮಣ್ಣು ಎಂಬುದೇ ಮುಖ್ಯ: ನಾಯಿ, ಬೆಕ್ಕು ಸುಳಿಯದ ಕುಂಡದ ಮಣ್ಣು, ಕುಂಬಾರರ ಜೇಡಿಮಣ್ಣು, ಜರಡಿ ಹಿಡಿದು ತೊಳೆದ ಮರಳು ಆಗಬಹುದು. ಕತ್ತರಿಸಿದ ಉಗುರು, ಆಟದ ನಂತರ ಸೋಪು, ಇಷ್ಟಿದ್ದರೆ ಅಪಾಯ ಬಹಳ ತಗ್ಗುತ್ತದೆ. ಮಗು ಆಟದ ನಡುವೆ ಒಮ್ಮೆ ಮಣ್ಣು ನೆಕ್ಕುವುದು ಬೇರೆ, ದಿನವೂ ಹುಡುಕಿಕೊಂಡು ಹೋಗಿ ತಿನ್ನುವುದು ಬೇರೆ. ಎರಡನೆಯದು ಕಬ್ಬಿಣಾಂಶದ ಕೊರತೆಯ ಸೂಚನೆಯಿರಬಹುದು; 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67.1ರಷ್ಟು ಮಂದಿಗೆ ರಕ್ತಹೀನತೆ ಕಂಡದ್ದನ್ನು ನೆನೆದರೆ ಅಂಥ ಮಗುವಿಗೆ ಬೇಕಾದದ್ದು ಗದರಿಕೆಯಲ್ಲ, ರಕ್ತ ಪರೀಕ್ಷೆ.

ಶೀತದ ಭಯಕ್ಕೆ ಉತ್ತರ ಸುಲಭ. ನೆಗಡಿ ಬರುವುದು ವೈರಾಣುವಿನಿಂದ, ಒದ್ದೆಯಿಂದಲ್ಲ. ಆದರೆ ಚಿಕ್ಕ ಮೈ ಬೇಗ ಬಿಸಿ ಕಳೆದುಕೊಳ್ಳುವುದು ನಿಜ. ಮಡಿಕೇರಿಯ ಜುಲೈಗೂ ಕಲಬುರಗಿಯ ಏಪ್ರಿಲ್‌ಗೂ ಒಂದೇ ನಿಯಮ ಸಲ್ಲದು. ಉಗುರುಬೆಚ್ಚಗಿನ ನೀರು, ಹದಿನೈದು ಇಪ್ಪತ್ತು ನಿಮಿಷ, ಆಮೇಲೆ ಒಣ ಅಂಗಿ, ಅಷ್ಟು ಸಾಕು. ನೀರಿನ ನಿಜವಾದ ಅಪಾಯ ಬೇರೆ, ಅದರ ಬಗ್ಗೆ ಮನೆಗಳಲ್ಲಿ ಕೂಗು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಐದು ವರ್ಷದೊಳಗಿನವರು. ತಲೆಭಾರದ ಕೂಸು ಬಕೆಟ್ಟಿಗೆ ಬಗ್ಗಿದರೆ ಮತ್ತೆ ಏಳಲಾರದು. ಕೆಲವೇ ಅಂಗುಲ ನೀರು ಸಾಕು, ಸದ್ದೂ ಆಗುವುದಿಲ್ಲ. ಆದ್ದರಿಂದ ನೀರಾಟಕ್ಕೆ ಒಂದೇ ಒಂದು ರಾಜಿಯಿಲ್ಲದ ನಿಯಮ: ಕೈಗೆಟಕುವ ದೂರದಲ್ಲಿ ಒಬ್ಬ ದೊಡ್ಡವರು, ಫೋನ್ ಬಂದರೂ ಏಳದಂತೆ. ಅಗಲವಾದ, ಆಳವಿಲ್ಲದ ಪಾತ್ರೆ ಇರಲಿ. ಸಂಪಿನ ಮುಚ್ಚಳಕ್ಕೆ ಬೀಗವಿರಲಿ. ಆಟ ಮುಗಿದ ಕೂಡಲೇ ನೀರು ಖಾಲಿಯಾಗಲಿ. ನಿಂತ ನೀರಿನಲ್ಲಿ ವಾರ ಹತ್ತು ದಿನದಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹುಟ್ಟುವುದರಿಂದ, ಆ ಜ್ವರವನ್ನು 2024ರಲ್ಲಿ ಸಾಂಕ್ರಾಮಿಕವೆಂದು ಘೋಷಿಸಿದ ಕರ್ನಾಟಕದಲ್ಲಿ ಬಕೆಟ್ ಕವುಚಿಡುವುದಕ್ಕೆ ಎರಡೆರಡು ಕಾರಣಗಳಿವೆ.

ಸಾಮಗ್ರಿಯ ಆಯ್ಕೆಯಲ್ಲೂ ಅಂಗಡಿಗಿಂತ ಅಜ್ಜಿಯ ಎಚ್ಚರವೇ ವಾಸಿ. ಹೂದಾನಿಗೆ ಹಾಕುವ ಬಣ್ಣಬಣ್ಣದ ನೀರಿನ ಮಣಿಗಳನ್ನು ಮಕ್ಕಳ ಆಟಕ್ಕೆಂದೂ ಮಾರುತ್ತಾರೆ. ನುಂಗಿದರೆ ಅವು ಹೊಟ್ಟೆಯೊಳಗೆ ಹಲವು ಪಟ್ಟು ಉಬ್ಬಿ ಕರುಳು ಕಟ್ಟಬಹುದು, ಎಕ್ಸ್‌ರೇಯಲ್ಲಿ ಸುಲಭಕ್ಕೆ ಕಾಣುವುದೂ ಇಲ್ಲ. ಅವು ಮಕ್ಕಳಿರುವ ಮನೆಗೇ ಬೇಡ. ಕಡಲೆ, ಬಟಾಣಿ, ಹುಣಿಸೆಬೀಜ ಮೂಗಿಗೆ, ಶೇಂಗಾ ಶ್ವಾಸನಾಳಕ್ಕೆ ಸೇರಿದ ಪ್ರಕರಣಗಳು ಕಿವಿ-ಮೂಗು-ಗಂಟಲು ವೈದ್ಯರಿಗೆ ನಿತ್ಯದವು. ಮೂರು ವರ್ಷದೊಳಗಿನವರಿಗೆ ಕಾಳಿನ ಆಟ ಬೇಡ. ಹಸಿ ಹಿಟ್ಟು ನಿರಪಾಯವೆಂದು ಕಂಡರೂ ಅದರಲ್ಲಿ ರೋಗಾಣುಗಳಿರಬಹುದು. 2016ರಲ್ಲಿ ಅಮೆರಿಕದಲ್ಲಿ ಹಸಿ ಹಿಟ್ಟಿನಿಂದಲೇ ಈ. ಕೋಲಿ ಸೋಂಕು ಹಬ್ಬಿತ್ತು. ಎಲ್ಲವನ್ನೂ ಬಾಯಿಗಿಡುವ ವಯಸ್ಸಿಗೆ ಬೇಯಿಸಿ ಆರಿಸಿದ ರಾಗಿ ಅಂಬಲಿ, ಮೆತ್ತಗಿನ ಅನ್ನ, ಹಿಸುಕಿದ ಬಾಳೆಹಣ್ಣು ಒಳ್ಳೆಯವು. ಇನ್ನು ಕೆಲವು ಮಕ್ಕಳಿಗೆ ಅಂಟುವ ವಸ್ತು ಮುಟ್ಟಿದರೇ ಅಳು ಬರುತ್ತದೆ. ಕೈಹಿಡಿದು ಅದ್ದಿಸುವುದರಿಂದ ಭಯ ಹೋಗುವುದಿಲ್ಲ, ಬೇರೂರುತ್ತದೆ. ಚಮಚ ಕೊಡಿ, ಒಣ ಮರಳಿನಿಂದ ಶುರುಮಾಡಿ, ಬೇಡವೆಂದರೆ ಬಿಡಿ. ಈ ಅಸಹನೆಯ ಜೊತೆಗೆ ಮಾತು, ಕಣ್ಣೋಟಗಳಲ್ಲೂ ಹಿಂಜರಿತ ಕಂಡರೆ ತಜ್ಞರಿಗೆ ತೋರಿಸುವುದು ಒಳ್ಳೆಯದು.

ಅನ್ನವನ್ನು ಆಟಕ್ಕೆ ಹಾಕುವುದು ತಪ್ಪೆಂಬ ಆಕ್ಷೇಪವನ್ನು ಮೌಢ್ಯವೆಂದು ತಳ್ಳಿಹಾಕಬಾರದು. ಕಾಲಿಗೆ ತಾಗಿದ ಅಗುಳನ್ನು ಕಣ್ಣಿಗೊತ್ತಿಕೊಳ್ಳುವ ಸಂಸ್ಕೃತಿಯಲ್ಲಿ ಒಂದು ಕಿಲೋ ಅಕ್ಕಿಗೆ ಬಣ್ಣ ಹಚ್ಚಿ ಕಸಕ್ಕೆ ಹಾಕುವುದು ಮಗುವಿಗೆ ಕಲಿಸಬೇಕಾದ ಪಾಠವಲ್ಲ. ಆದರೆ ಅಡುಗೆಯೇ ಆಟವಾದರೆ ಆಕ್ಷೇಪ ಉಳಿಯುವುದಿಲ್ಲ: ಬಟಾಣಿ ಸಿಪ್ಪೆ, ಸೊಪ್ಪಿನ ದಂಟು, ಅಕ್ಕಿ ತೊಳೆಯುವ ಪಾತ್ರೆಗೆ ಒಂದು ಪುಟ್ಟ ಕೈ, ನಾದುವ ಹಿಟ್ಟಿನಲ್ಲಿ ಒಂದು ಉಂಡೆ ಮತ್ತು ಕೊನೆಗೆ ಓರೆಕೋರೆಯಾಗಿ ಬೆಂದ ಒಂದು ಚಪಾತಿ. ನೀರಿನ ಕೊರತೆಯೂ ಹುಸಿಯಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತ್ತು. ಟ್ಯಾಂಕರಿಗೆ ಕಾಯುವ ಮನೆಯಲ್ಲಿ ನೀರಾಟದ ಮಾತು ಅಣಕದಂತೆ ಕೇಳುತ್ತದೆ. ಆದರೂ ಲೆಕ್ಕ ಹಾಕಿದರೆ ಆಟಕ್ಕೆ ಬೇಕಾದದ್ದು ಮೂರು ಲೀಟರ್. ಹಳೆಯ ಫ್ಲಶ್ ಟ್ಯಾಂಕ್ ಒಮ್ಮೆ ಒತ್ತಿದರೆ ಅದರ ಮೂರು ನಾಲ್ಕು ಪಟ್ಟು ಹೋಗುತ್ತದೆ. ಮಗು ಅದರಲ್ಲಿ ಒಂದೆರಡು ಗುಟುಕು ಕುಡಿದೇ ಕುಡಿಯುವುದರಿಂದ ನೀರು ಶುದ್ಧವಾಗಿರಬೇಕು, ಆಮೇಲೆ ಅದು ತುಳಸಿಗೋ ನೆಲ ಒರೆಸುವುದಕ್ಕೋ ಹೋಗಬಹುದು. ಬೋಗುಣಿಯಲ್ಲಿರುವುದಷ್ಟೇ, ಮುಗಿದರೆ ಮುಗಿಯಿತು ಎಂಬ ಮಿತಿಯನ್ನು ಮೂರು ವರ್ಷದ ಮಗುವೂ ಅರಿಯಬಲ್ಲದು. ತೆರೆದ ನಲ್ಲಿಗಿಂತ ಆ ಮಿತಿಯೇ ಆಟವನ್ನು ಚತುರವಾಗಿಸುತ್ತದೆ.

ಕೊನೆಯದು, ಎಲ್ಲಕ್ಕಿಂತ ಭಾರದ್ದು, ಒರೆಸುವ ಕೆಲಸ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರೆ, ಮಾಡುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಈ ಅಂಕಿಗಳ ಬೆಳಕಿನಲ್ಲಿ "ಶೀತ ಆಗುತ್ತೆ" ಎಂಬ ಕೂಗಿನ ಅರ್ಥವೇ ಬದಲಾಗುತ್ತದೆ. ಐದು ಗಂಟೆ ದುಡಿದವಳಿಗೆ ಇನ್ನೊಂದು ಜೊತೆ ಬಟ್ಟೆ, ಇನ್ನೊಮ್ಮೆ ನೆಲ ಎಂಬುದು ಸಣ್ಣ ಮಾತಲ್ಲ. ದಣಿವನ್ನು ಕಾರಣವಾಗಿ ಹೇಳಲು ಅವಕಾಶವಿಲ್ಲದ ಮನೆಯಲ್ಲಿ ಶೀತ ಕಾರಣವಾಗುತ್ತದೆ. ಮೊಬೈಲ್ ಗೆಲ್ಲುವುದೂ ಇಲ್ಲೇ. ಎರಡು ವರ್ಷದೊಳಗೆ ಪರದೆ ಬೇಡವೇ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳುತ್ತದೆ. ಆದರೆ ಮೊಬೈಲ್ ಒಂದು ಹನಿಯನ್ನೂ ಚೆಲ್ಲುವುದಿಲ್ಲ. ಕೆಸರಾಟದ ಗುಣಗಾನ ಮಾಡುವ ಬರಹಗಳು ಈ ಜಾಗದಲ್ಲಿ ತಾಯಿಗೇ ಇನ್ನೊಂದು ಕರ್ತವ್ಯ ಹೊರಿಸಿ ಕೈತೊಳೆದುಕೊಳ್ಳುತ್ತವೆ. ಕೆಲಸ ಹಂಚಿಕೆಯಾಗದೆ ಆಟ ಉಳಿಯುವುದಿಲ್ಲ. ಆಟ ಮನೆಯ ಗಂಡಸರ ಪಾಲಿಗೆ ಬರಲಿ, ಭಾನುವಾರದ ಬಚ್ಚಲು ತಂದೆಯದಾಗಲಿ, ಒರೆಸುವುದೂ ಸೇರಿ. ಮನೆಗೆಲಸಕ್ಕೆ ಬರುವವರ ಲೆಕ್ಕಕ್ಕೆ ಅದನ್ನು ಸದ್ದಿಲ್ಲದೆ ದಾಟಿಸುವುದು ಹಂಚಿಕೆಯಲ್ಲ. ಜಾಗ ಕಟ್ಟುನಿಟ್ಟಾಗಿರಲಿ: ಬಚ್ಚಲು, ಬಾಲ್ಕನಿ ಅಥವಾ ಹಾಸಿದ ಹಳೆಯ ಪಂಚೆ, ಅದರಾಚೆ ಇಲ್ಲ. ದಿನವೂ ಬೇಕಿಲ್ಲ, ವಾರಕ್ಕೆ ಎರಡು ಮೂರು ಸಲ ಸಾಕು. ದಣಿದ ದಿನ ಬೇಡವೆನ್ನಲು ಯಾರೂ ವೈರಾಣುವನ್ನು ಸಾಕ್ಷಿಗೆ ಕರೆಯಬೇಕಾಗಿಲ್ಲ.

ಈ ಕೆಲಸದಲ್ಲಿ ಪಾಲು ತೆಗೆದುಕೊಳ್ಳಲು ಮನೆಯಲ್ಲಿ ಇನ್ನೊಂದು ಜೀವವೂ ಕಾದಿರುತ್ತದೆ. ಮಾಂಟೆಸ್ಸರಿ ಹೂಜಿಯ ಪಕ್ಕದಲ್ಲೇ ಸ್ಪಂಜು ಇಟ್ಟದ್ದು ಶಿಸ್ತಿಗೆಂದು ಮಾತ್ರವಲ್ಲ. ಎರಡು ಮೂರು ವರ್ಷದ ಮಗುವಿಗೆ ಚೆಲ್ಲುವುದೂ ಒರೆಸುವುದೂ ಬೇರೆ ಬೇರೆ ಅಲ್ಲ. ಒಣ ಬಟ್ಟೆ ನೀರನ್ನು ಹೀರಿ ಭಾರವಾಗುತ್ತದೆ, ಹಿಂಡಿದರೆ ಬೋಗುಣಿಗೆ ತೊಟತೊಟ ಬೀಳುತ್ತದೆ, ಮತ್ತೆ ನೆಲಕ್ಕಿಟ್ಟರೆ ಮತ್ತೆ ಹೀರುತ್ತದೆ. ಲೋಟ ಕಲಿಸಿದ್ದನ್ನೇ ಬಟ್ಟೆ ಇನ್ನೊಂದು ಬಗೆಯಲ್ಲಿ ಕಲಿಸುತ್ತದೆ. ಹಿಂಡುವ ಕೈಗೆ ಬಲ ಸಾಲದೆ ನೆಲ ಮೊದಲಿಗಿಂತ ಹೆಚ್ಚು ಒದ್ದೆಯಾಗುವುದೂ ಉಂಟು. ಮೊದಮೊದಲು ಅದನ್ನು ಇನ್ನೊಬ್ಬರು ಮತ್ತೊಮ್ಮೆ ಒರೆಸಬೇಕಾಗುತ್ತದೆ. ಐದಾರು ತಿಂಗಳಾದ ಮೇಲೆ ಲೋಟ ತುಂಬುವ ಮೊದಲೇ ಕೈ ನಿಲ್ಲುತ್ತದೆ, ಚೆಲ್ಲಿದರೆ ಬಟ್ಟೆ ಎಲ್ಲಿದೆಯೆಂದು ಕಣ್ಣು ಹುಡುಕುತ್ತದೆ. ಒದ್ದೆ ಅಂಗಿಯ ಲೆಕ್ಕದಲ್ಲಿ ಖರ್ಚಿನ ಬದಿಗೆ ಒಂದು ಅಂಗಿ, ಮೂರು ಲೀಟರ್ ನೀರು, ಅರ್ಧ ಗಂಟೆ ಬರೆದುಕೊಂಡರೆ, ಎದುರು ಬದಿಗೆ ಬರೆಯಬೇಕಾದದ್ದು ಆ ನಿಂತ ಕೈ.